ಓಮ್‌ಗಳಲ್ಲಿ ಅಳೆಯುವ ಬಿಸಿ

ಓವನ್ನನ್ನು 180 ಡಿಗ್ರಿಗೆ ಇಟ್ಟು, ಹೇಳಿದಷ್ಟು ಹೊತ್ತು ಕಾದು ಹೊರತೆಗೆದ ಕೇಕಿನ ನಡುಭಾಗ ಇನ್ನೂ ಹಸಿಹಿಟ್ಟಾಗಿಯೇ ಇದ್ದರೆ ಮೊದಲ ಅನುಮಾನ ಹೀಟಿಂಗ್ ಕಾಯಿಲ್ ಮೇಲೆ ಹೋಗುವುದು ಸಹಜ. ಆದರೆ ಕಾಯಿಲ್ ಸರಿಯಾಗಿ ಕಾಯುತ್ತಿದ್ದು, ಪರದೆಯೂ 180 ಎಂದೇ ತೋರಿಸುತ್ತಿದ್ದರೆ, ಬಿಸಿ ಮಾಡುವ ಭಾಗವನ್ನು ಬಿಟ್ಟು ಬಿಸಿಯನ್ನು ಅಳೆಯುವ ಭಾಗದತ್ತ ತಿರುಗಬೇಕಾಗುತ್ತದೆ.

ಡಿಜಿಟಲ್ ನಿಯಂತ್ರಣವಿರುವ ಅನೇಕ ಓವನ್‌ಗಳ ಒಳಗೋಡೆಯಿಂದ ಪೆನ್ಸಿಲ್‌ಗಿಂತ ತೆಳುವಾದ ಉಕ್ಕಿನ ಕಡ್ಡಿಯೊಂದು ಚಾಚಿಕೊಂಡಿರುತ್ತದೆ. ಬಿಸಿ ಅಳೆಯುವ ಸೆನ್ಸರ್ ಇದೇ. ಅದರ ತುದಿಯೊಳಗೆ ಚೂರೇ ಚೂರು ಪ್ಲಾಟಿನಂ ಇದೆ. ಲೋಹ ಬಿಸಿಯಾದಂತೆ ಅದರ ಪರಮಾಣುಗಳ ಕಂಪನ ಹೆಚ್ಚಿ, ಹರಿಯುವ ಎಲೆಕ್ಟ್ರಾನ್‌ಗಳಿಗೆ ಅಡ್ಡಿಯೂ ಹೆಚ್ಚುತ್ತದೆ. ಅಂದರೆ ಓಮ್‌ಗಳಲ್ಲಿ ಅಳೆಯುವ ವಿದ್ಯುತ್ ರೋಧ ಏರುತ್ತದೆ. ಈ ಗುಣವನ್ನು ಬಳಸಿ ಪ್ಲಾಟಿನಂನಿಂದ ಉಷ್ಣತೆ ಅಳೆಯಬಹುದೆಂದು 1871ರಲ್ಲಿ ವಿಲಿಯಂ ಸೀಮೆನ್ಸ್ ಸೂಚಿಸಿದರು. ಅದನ್ನು ನಂಬಬಹುದಾದ ಉಪಕರಣವನ್ನಾಗಿ ಮಾಡಿದ್ದು 1880ರ ದಶಕದಲ್ಲಿ ಹ್ಯೂ ಕ್ಯಾಲೆಂಡರ್ ನಡೆಸಿದ ಪ್ರಯೋಗಗಳು. ಓವನ್‌ಗಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಸೆನ್ಸರ್ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 1000 ಓಮ್, 25 ಡಿಗ್ರಿಯಲ್ಲಿ ಸುಮಾರು 1097 ಓಮ್, 180 ಡಿಗ್ರಿಯಲ್ಲಿ ಸುಮಾರು 1685 ಓಮ್ ರೋಧ ತೋರಿಸುತ್ತದೆ. (500 ಓಮ್‌ನಿಂದ ಆರಂಭವಾಗುವ ಬಗೆಯೂ ಉಂಟು, ಕೈಪಿಡಿ ನೋಡದೆ ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು.)

ಕಾಯಿಲ್ ಅನ್ನು ಹೊತ್ತಿಸಿ ಆರಿಸುವ ಕಂಟ್ರೋಲ್ ಬೋರ್ಡ್‌ಗೆ ಸಿಗುವುದು ಈ ಓಮ್‌ಗಳ ಲೆಕ್ಕ ಮಾತ್ರ, ಓವನ್ನಿನ ಬಿಸಿಯ ಬಗ್ಗೆ ಅದಕ್ಕೆ ಬೇರೆ ಸುದ್ದಿಯಿಲ್ಲ. ಹೀಗಾಗಿ ದಾರಿಯಲ್ಲಿ ಎಲ್ಲಿ ರೋಧ ಸೇರಿಕೊಂಡರೂ ಅದನ್ನು ಬೋರ್ಡ್ ಬಿಸಿಯೆಂದೇ ಓದುತ್ತದೆ. ನಾನು ಒಮ್ಮೆ ಬಿಚ್ಚಿದ ಓವನ್ನಿನಲ್ಲಿ ಸೆನ್ಸರ್‌ನ ಪ್ಲಗ್ ಎಳೆದಾಗ ಎರಡು ಪಿನ್‌ಗಳಲ್ಲಿ ಒಂದು ಹೊಳೆಯುತ್ತಿತ್ತು, ಇನ್ನೊಂದು ಸುಟ್ಟು ಮಸಿಯಂತೆ ಕಪ್ಪಾಗಿತ್ತು. ಸೆನ್ಸರ್ ಅನ್ನಷ್ಟೇ ಅಳೆದರೆ 1097 ಓಮ್. ಪ್ಲಗ್ ಸಿಕ್ಕಿಸಿ ಬೋರ್ಡ್ ತುದಿಯ ತಂತಿಯಿಂದ ಅಳೆದರೆ 1172. ಆ ಒಂದು ಪಿನ್ ಸೇರಿಸಿದ 75 ಓಮ್, 180 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು 20 ಡಿಗ್ರಿಗೆ ಸಮ. ಒಳಗೆ 160 ಡಿಗ್ರಿಯೂ ತುಂಬದಿರುವಾಗಲೇ ಬೋರ್ಡ್ ಕೆಲಸ ಮುಗಿಯಿತೆಂದು ಕಾಯಿಲ್ ಅನ್ನು ಆರಿಸುತ್ತಿತ್ತು. ಪಿನ್ ಬದಲಿಸಿದರೆ ಸಾಕಾಗಿತ್ತು, ಸೆನ್ಸರ್ ನಿರಪರಾಧಿ.

ಆದ್ದರಿಂದ ಹೊಸ ಸೆನ್ಸರ್ ಕೊಳ್ಳುವ ಮುನ್ನ ಎರಡೂ ಕಡೆ ಅಳೆಯುವುದು ಒಳ್ಳೆಯದು. ಸ್ವಿಚ್ ಆರಿಸಿದರೆ ಸಾಲದು, ಓವನ್ನಿನ ವಿದ್ಯುತ್ ಸಂಪರ್ಕವನ್ನೇ ಪೂರ್ತಿ ಕಡಿದಿರಬೇಕು, ಓವನ್ ತಣ್ಣಗಾಗಿರಬೇಕು, ಬೋರ್ಡ್‌ನ ಕಡೆಯ ಪ್ಲಗ್ ಕಳಚಿರಬೇಕು. ರೋಧ ಅಳೆಯುವ ಮಲ್ಟಿಮೀಟರ್ ಅನ್ನು 2 ಕಿಲೋ ಓಮ್ (2000 ಓಮ್) ಶ್ರೇಣಿಗೆ ಇಟ್ಟರೆ ಸುಮಾರು 266 ಡಿಗ್ರಿಯವರೆಗಿನ ರೋಧ ಅದರಲ್ಲೇ ಹಿಡಿಯುತ್ತದೆ. ಅನುಮಾನ ಉಳಿದರೆ ಕಡ್ಡಿಯನ್ನು ಕಳಚಿ, ತಂತಿಯ ಭಾಗ ಒದ್ದೆಯಾಗದಂತೆ ತುದಿಯನ್ನು ಮಾತ್ರ ಮಂಜುಗಡ್ಡೆ ತುಂಬಿದ ನೀರಿನಲ್ಲಿ ಅದ್ದಿ ನೋಡಬಹುದು. ಮೀಟರ್ 1000ದ ಹತ್ತಿರ ಬಂದು ನಿಲ್ಲಬೇಕು. ಜೊತೆಗೆ, ಯಾವುದೇ ಒಂದು ತಂತಿಗೂ ಕಡ್ಡಿಯ ಲೋಹದ ಕವಚಕ್ಕೂ ನಡುವೆ ಸಂಪರ್ಕ ಇರಕೂಡದು. ತಂತಿಯನ್ನೂ ಕವಚವನ್ನೂ ಬೇರ್ಪಡಿಸುವ ಒಳಪದರದ ಮೂಲಕ ವಿದ್ಯುತ್ ಸೋರತೊಡಗಿದರೆ ರೋಧ ಇಳಿದಂತೆ ಕಾಣುತ್ತದೆ, ಆಗ ಓವನ್ ಬೇಕಾದ್ದಕ್ಕಿಂತ ಹೆಚ್ಚು ಕಾದು ಎಲ್ಲವನ್ನೂ ಕರಕಲು ಮಾಡುತ್ತದೆ. ತಂತಿ ಪೂರ್ತಿ ತುಂಡಾಗಿದ್ದರೆ ಮಾತ್ರ ಕೆಲಸ ಸುಲಭ, ಏಕೆಂದರೆ ಸಾಮಾನ್ಯವಾಗಿ ಬೋರ್ಡೇ ದೋಷದ ಸಂಕೇತ ತೋರಿಸಿ ನಿಂತುಬಿಡುತ್ತದೆ. ಎಲ್ಲಕ್ಕಿಂತ ಕಾಡುವುದು ತಣ್ಣಗಿದ್ದಾಗ ಸರಿಯಾಗಿದ್ದು, ಬಿಸಿಗೆ ಲೋಹ ಹಿಗ್ಗಿದೊಡನೆ ಬಿಟ್ಟುಹೋಗುವ ಸಂಪರ್ಕ. ಅಳೆಯುವಾಗ ತಂತಿಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಅಂಕಿ ಕುಣಿಯುವುದರಿಂದ ಅದು ಕೆಲವೊಮ್ಮೆ ಸಿಕ್ಕಿಬೀಳುತ್ತದೆ.

ಬಿಚ್ಚುವ ಮೊದಲು ದೋಷ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಓವನ್ ಕಾಯುತ್ತ, ಆರುತ್ತ ನಿಗದಿತ ಅಂಕಿಯ ಮೇಲೆ ಕೆಳಗೆ ಓಲಾಡುವುದು ಅದರ ಸ್ವಭಾವ. ಮಧ್ಯದ ಅಡ್ಡಪಟ್ಟಿಯ ಮೇಲೆ ಪ್ರತ್ಯೇಕ ಥರ್ಮಾಮೀಟರ್ ಇಟ್ಟು, ಅರ್ಧ ಗಂಟೆ ಕಾದ ಮೇಲೆ ಹಲವು ಏರಿಳಿತಗಳ ಗರಿಷ್ಠ, ಕನಿಷ್ಠಗಳನ್ನು ಬರೆದು ಸರಾಸರಿ ತೆಗೆದರೆ ಮಾತ್ರ ಅರ್ಥವಿದೆ. ವ್ಯತ್ಯಾಸ ಐದಾರು ಡಿಗ್ರಿಯಷ್ಟೇ ಇದ್ದರೆ ಅನೇಕ ಓವನ್‌ಗಳ ಸೆಟ್ಟಿಂಗ್‌ನಲ್ಲಿಯೇ ಅದನ್ನು ತಿದ್ದಲು ಅವಕಾಶವಿರುತ್ತದೆ.

ಬೋರ್ಡನ್ನೇ ಪರೀಕ್ಷಿಸಲು ರಿಪೇರಿಯವರು ಬಳಸುವ ಉಪಾಯವೊಂದಿದೆ: ಸೆನ್ಸರ್ ಬದಲು 1500 ಓಮ್‌ನ ಸ್ಥಿರ ರೆಸಿಸ್ಟರ್ (ಬಿಸಿಯೊಡನೆ ರೋಧ ಬದಲಾಗದ ಪುಟ್ಟ ಬಿಡಿಭಾಗ) ಜೋಡಿಸಿದರೆ, ಒಳಗಿನ ಬಿಸಿಯನ್ನು ತೋರಿಸುವ ಓವನ್ನಿನ ಪರದೆಯಲ್ಲಿ ಸುಮಾರು 130 ಡಿಗ್ರಿ ಕಾಣಬೇಕು. ಇದನ್ನು ಮನೆಯಲ್ಲಿ ಮಾಡಹೋಗದಿರುವುದು ಲೇಸು. ಆ ರೆಸಿಸ್ಟರ್ ಎಷ್ಟು ಹೊತ್ತಾದರೂ 1500 ಓಮ್ ಎಂದೇ ಹೇಳುತ್ತಿರುವುದರಿಂದ, ಯಾರಾದರೂ ಮರೆತು ಓವನ್ನನ್ನು 180ಕ್ಕೆ ಇಟ್ಟರೆ ಬೋರ್ಡ್ ಕಾಯಿಲ್ ಅನ್ನು ಆರಿಸುವ ಗಳಿಗೆ ಬರುವುದೇ ಇಲ್ಲ.