ಹೊಸ ಟಿವಿ, ಹಳೆಯ ವೈರು

ಎಚ್‌ಡಿ ಟಿವಿ ತಂದ ಮೇಲೂ ಚಿತ್ರ ಮಸುಕಾಗಿದೆ ಎಂದು ತುಮಕೂರಿನ ಗ್ರಾಹಕರು ಕರೆದಾಗ ನಾನು ಮೊದಲು ಟಿವಿಯ ಹಿಂಭಾಗವನ್ನೇ ನೋಡುತ್ತೇನೆ. ಇತ್ತೀಚೆಗೆ ಕ್ಯಾತ್ಸಂದ್ರದ ಮನೆಯೊಂದರಲ್ಲಿ 43 ಇಂಚಿನ ಫುಲ್ ಎಚ್‌ಡಿ ಟಿವಿಗೆ ಸೆಟ್‌ಟಾಪ್ ಬಾಕ್ಸ್‌ನಿಂದ ಹಳದಿ, ಬಿಳಿ, ಕೆಂಪು ಪಿನ್ನುಗಳ ವೈರು ಬಂದಿತ್ತು. ವಾರ್ತೆಯ ಕೆಳಗೆ ಓಡುವ ಅಕ್ಷರಗಳ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು, ಅಂಚಿನಲ್ಲಿ ಬಣ್ಣ ಸೋರಿದಂತೆ ಕಾಣುತ್ತಿತ್ತು. ಟಿವಿಯಲ್ಲಿ ದೋಷವೇನೂ ಇರಲಿಲ್ಲ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಹೆಚ್ಚು ಬಿಂದುಗಳಿರುತ್ತವೆ. ಆದರೆ ಚಿತ್ರವನ್ನು ಸಾಗಿಸುವ ಆ ಹಳದಿ ಪಿನ್ನು 576 ಗೆರೆಗಳ ಹಳೆಯ ಗುಣಮಟ್ಟವನ್ನು ದಾಟಲಾರದು. ಸುಮಾರು ನಾಲ್ಕು ಲಕ್ಷ ಬಿಂದುಗಳ ಮಾಹಿತಿಯನ್ನು ಅದರ ಐದು ಪಟ್ಟು ಬಿಂದುಗಳಿಗೆ ಹಂಚಬೇಕಾದಾಗ ಯಾವ ಟಿವಿಯೂ ಉಳಿದದ್ದನ್ನು ಊಹಿಸಿಯೇ ತುಂಬಬೇಕು.

ಆ ವೈರಿನ ಬದಲು ಎಚ್‌ಡಿ ಚಿತ್ರವನ್ನು ಸಾಗಿಸಬಲ್ಲ ಎಚ್‌ಡಿಎಂಐ ಕೇಬಲ್ ಹಾಕಿದರೂ ಕೆಲಸ ಅರ್ಧವಷ್ಟೇ ಮುಗಿದಂತೆ. ಬಾಕ್ಸ್ ಎಚ್‌ಡಿಯದ್ದಾಗಿರಬೇಕು, ಚಂದಾದಲ್ಲಿ ಎಚ್‌ಡಿ ಚಾನೆಲ್ ಇರಬೇಕು, ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಔಟ್‌ಪುಟ್ 1080 ಎಂದಿರಬೇಕು. ದುಬಾರಿ ಕೇಬಲ್ ಕೊಂಡರೆ ಬಣ್ಣ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ಅದರಲ್ಲಿ ಹರಿಯುವುದು ಡಿಜಿಟಲ್ ಸಂಕೇತವಾದ್ದರಿಂದ, ಎರಡು ಮೀಟರ್ ದೂರಕ್ಕೆ ಸಾಧಾರಣ ಬೆಲೆಯ ಒಳ್ಳೆಯ ಕೇಬಲ್ ಧಾರಾಳವಾಗಿ ಸಾಕು.

ಮೂಲ ಸರಿಯಾದ ಮೇಲೆಯೇ ಟಿವಿಯ ಮೆನು ತೆರೆಯಬೇಕು. 'ವಿವಿಡ್' ಎಂಬ ಆಯ್ಕೆ ಅಂಗಡಿಯ ಪ್ರಖರ ದೀಪಗಳ ನಡುವೆ ಕಣ್ಣು ಸೆಳೆಯುವುದಕ್ಕೆ ಇರುವಂಥದ್ದು. ಮನೆಯ ಹಾಲ್‌ನಲ್ಲಿ ಅದು ಕ್ರಿಕೆಟ್ ಮೈದಾನದ ಹುಲ್ಲಿಗೆ ಬಣ್ಣ ಬಳಿದಂತೆ ತೋರಿಸುತ್ತದೆ, ಬಿಳಿ ಪಂಚೆಗೆ ನೀಲಿ ಹಾಕಿದಂತೆ ಮಾಡುತ್ತದೆ. 'ಸಿನಿಮಾ' ಅಥವಾ 'ಮೂವಿ' ಆಯ್ಕೆಗೆ ಬದಲಿಸಿದಾಗ ಚಿತ್ರ ಮೊದಲು ಹಳದಿಯೆನಿಸುವುದು ಸಹಜ. ಕೆಲವು ದಿನ ಹಾಗೆಯೇ ಬಿಟ್ಟು ನೋಡಿ ಎಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ, ಏಕೆಂದರೆ ಮುಖದ ಮೈಬಣ್ಣ ಅಲ್ಲಿಯೇ ನಿಜಕ್ಕೆ ಹತ್ತಿರವಿರುತ್ತದೆ.

'ಶಾರ್ಪ್‌ನೆಸ್' ಹೆಚ್ಚಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ ಎಂಬುದು ಬಹುತೇಕರ ಗ್ರಹಿಕೆ. ಅದು ಇಲ್ಲದ ವಿವರವನ್ನು ತರುವುದಿಲ್ಲ, ವಸ್ತುಗಳ ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ ಅಷ್ಟೆ. ಆ ಗೆರೆ ಮಾಯವಾಗುವವರೆಗೆ ಇಳಿಸಬೇಕು. 'ಬ್ರೈಟ್‌ನೆಸ್' ಹಲವು ಟಿವಿಗಳಲ್ಲಿ ಕಪ್ಪಿನ ಗಾಢತೆಯನ್ನು ನಿರ್ಧರಿಸುತ್ತದೆ, ಬೆಳಕಿನ ಪ್ರಮಾಣಕ್ಕೆ 'ಬ್ಯಾಕ್‌ಲೈಟ್' ಬೇರೆಯೇ ಇರುತ್ತದೆ. ರಾತ್ರಿಯ ದೃಶ್ಯವೊಂದನ್ನು ನಿಲ್ಲಿಸಿ, ಪಾತ್ರಧಾರಿಯ ಕಪ್ಪು ಕೂದಲಿನ ಎಳೆಗಳು ಕಾಣುವಂತೆಯೂ ಕಪ್ಪು ಬೂದುಬಣ್ಣವಾಗದಂತೆಯೂ ಬ್ರೈಟ್‌ನೆಸ್ ಹೊಂದಿಸಿ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ (ಫ್ರೇಮ್) ತೆಗೆದ ಚಲನಚಿತ್ರ ಧಾರಾವಾಹಿಯಂತೆ ಜಾರಿದರೆ, ಚಲನೆಯನ್ನು ನಯಗೊಳಿಸುವ 'ಮೋಷನ್' ಸೌಲಭ್ಯವನ್ನು ಆಫ್ ಮಾಡಿಬಿಡಿ.

ನಮ್ಮೂರಿನ ಅನೇಕ ಮನೆಗಳಲ್ಲಿ ಟಿವಿ ಮುಂಬಾಗಿಲಿಗೆ ಎದುರಾಗಿಯೇ ಇರುತ್ತದೆ. ಬಾಗಿಲಿನ ಬೆಳಕು ಪರದೆಯ ಮೇಲೆ ಬಿದ್ದರೆ ಯಾವ ಸೆಟ್ಟಿಂಗ್ ಕೂಡ ಕಪ್ಪನ್ನು ಉಳಿಸಿಕೊಳ್ಳಲಾರದು. ಪಕ್ಕದ ಗೋಡೆಗೆ ಬದಲಿಸುವುದು ಉತ್ತಮ. 43 ಇಂಚಿಗೆ ಸುಮಾರು ಆರು ಅಡಿ ದೂರ ಕುಳಿತರೆ ಫುಲ್ ಎಚ್‌ಡಿಯ ವಿವರವೆಲ್ಲ ಕಣ್ಣಿಗೆ ಸಿಗುತ್ತದೆ. ಕೊನೆಯದಾಗಿ, ಹಲವು ಟಿವಿಗಳು ಈ ಹೊಂದಾಣಿಕೆಗಳನ್ನು ಪ್ರತಿ ಎಚ್‌ಡಿಎಂಐ ಕಿಂಡಿಗೂ ಪ್ರತ್ಯೇಕವಾಗಿ ಉಳಿಸುತ್ತವೆ. ಬಾಕ್ಸ್‌ನ ಕೇಬಲ್ಲನ್ನು ಬೇರೆ ಕಿಂಡಿಗೆ ಬದಲಿಸಿದರೆ ಅಲ್ಲಿಯೂ ಇವನ್ನೇ ಮತ್ತೊಮ್ಮೆ ಮಾಡಬೇಕಾಗುತ್ತದೆ.