ಮುಳುಗಿದ ಹಡಗಿನಲ್ಲಿ ಯಾರ ಪಾಲು ಎಷ್ಟು?

2025ರ ಮೇ ತಿಂಗಳಲ್ಲಿ ಕೊಚ್ಚಿಯ ಹೊರಗಡಲಿನಲ್ಲಿ ಎಂಎಸ್‌ಸಿ ಎಲ್ಸಾ 3 ಮುಳುಗಿ, ಅದರ ಕಂಟೇನರ್‌ಗಳು ಕೇರಳದ ದಡಕ್ಕೆ ತೇಲಿಬಂದಾಗ, ಯಾರೂ ಮುಟ್ಟಬಾರದೆಂಬ ಎಚ್ಚರಿಕೆ ಹೊರಟಿತು. ಕಡಲು ತಂದು ಹಾಕಿದ್ದು ಸಿಕ್ಕಿದವರಿಗೇ ಸೇರಬೇಕು ಎಂದು ಮಂಜೇಶ್ವರ, ಕುಂಬಳೆಯ ದಡದಲ್ಲಿ ನಿಂತವರಿಗೆ ಅನ್ನಿಸಬಹುದು. ಕಾನೂನು ಹಾಗೆ ಹೇಳುವುದಿಲ್ಲ. ಹಡಗು ಮುಳುಗಿದರೂ ಸರಕು ಒಡೆಯನದೇ. ಎತ್ತಿಕೊಟ್ಟವರಿಗೆ ಸಂಭಾವನೆ ಉಂಟು. ಎತ್ತಲಾಗದಿದ್ದರೆ ಸಾಮಾನ್ಯವಾಗಿ ಏನೂ ಇಲ್ಲ.

ಸಾಲ್ವೇಜ್ ಎಂದು ಕರೆಯುವ ಈ ಪದ್ಧತಿ ಬೆಳೆದದ್ದು ಅಪಾಯಕ್ಕೆ ಸಿಕ್ಕಿದ ಸರಕನ್ನು ಉಳಿಸುವವರಿಗೆ ಧೈರ್ಯ ಕೊಡಲು. ಬಿರುಗಾಳಿಯಲ್ಲಿ ಜೀವ ಒತ್ತೆಯಿಟ್ಟು ಹೋಗುವವರಿಗೆ ಅದು ನ್ಯಾಯವೇ. ಆದರೆ ಮುನ್ನೂರು ವರ್ಷ ಹೂಳಿನಲ್ಲಿ ಮಲಗಿದ ಹಡಗಿಗೆ ಯಾವ ಅವಸರ? ಯಾವ ಜಾಡಿ ಯಾವ ಪೆಟ್ಟಿಗೆಯ ಪಕ್ಕದಲ್ಲಿತ್ತು, ಅಡುಗೆಯ ಪಾತ್ರೆ ಎಲ್ಲಿ ಬಿದ್ದಿತ್ತು ಎಂಬುದೇ ಪುರಾತತ್ವಜ್ಞರಿಗೆ ಸಾಕ್ಷ್ಯ. ದಾಖಲಿಸದೆ ಎತ್ತಿದರೆ ಅದು ಮತ್ತೆ ಸಿಗುವುದಿಲ್ಲ. ಆದರೆ ಸರಕು ಎತ್ತಲು ದುಬಾರಿ ನೌಕೆಯನ್ನು ನಡುಗಡಲಲ್ಲಿ ನಿಲ್ಲಿಸಿದ ಕಂಪನಿಗೆ ದಾಖಲಾತಿಯ ಪ್ರತಿ ದಿನವೂ ಖರ್ಚು.

ಮುಳುಗುಗಾರರ ಸಾಧನಗಳು ಸುಧಾರಿಸಿದ ಮೇಲಿನ ದಶಕಗಳ ಕಥೆ ಇಷ್ಟು: 1985ರಲ್ಲಿ ಫ್ಲೋರಿಡಾದ ಬಳಿ ಸ್ಪೇನಿನ ಹಳೆಯ ಹಡಗು ಅಟೋಚಾದ ನಿಧಿ ದೊರೆಯಿತು, 1986ರಲ್ಲಿ ಡಚ್ಚರ ಗೆಲ್ಡರ್‌ಮಾಲ್ಸನ್ ಹಡಗಿನ ಚೀನೀ ಪಿಂಗಾಣಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜಾಯಿತು, 2001ರಲ್ಲಿ ನೀರಿನಡಿಯ ಪರಂಪರೆ ಕುರಿತ ಯುನೆಸ್ಕೊ ಒಪ್ಪಂದ ಅದರ ವಾಣಿಜ್ಯ ಶೋಷಣೆ ಬೇಡವೆಂದಿತು, 2012ರಲ್ಲಿ ಸ್ಪೇನಿನ ಯುದ್ಧನೌಕೆ ಮೆರ್ಸೆಡೆಸ್‌ನಿಂದ ಕಂಪನಿಯೊಂದು ಎತ್ತಿದ್ದ ನಾಣ್ಯಗಳು ಅಮೆರಿಕದ ನ್ಯಾಯಾಲಯದ ಆದೇಶದಂತೆ ಸ್ಪೇನ್‌ಗೆ ಮರಳಿದವು.

ಇವೆಲ್ಲಕ್ಕಿಂತ ನಮಗೆ ಹತ್ತಿರವಾದದ್ದು ಶರಾವತಿ ತೀರದ ಗೇರುಸೊಪ್ಪೆಯ ಹೆಸರು ಹೊತ್ತ ಹಡಗು. ಎಸ್‌ಎಸ್ ಗೇರುಸೊಪ್ಪ 1940ರ ಡಿಸೆಂಬರ್‌ನಲ್ಲಿ ಬೆಳ್ಳಿ, ಕಬ್ಬಿಣ, ಚಹಾ ಮತ್ತು ಅಂಚೆ ಹೊತ್ತು ಕಲ್ಕತ್ತೆಯಿಂದ ಹೊರಟಿತು. ಕಲ್ಲಿದ್ದಲು ಸಾಲದೆ ಬೆಂಗಾವಲು ಪಡೆಯಿಂದ ಬೇರ್ಪಟ್ಟು ಐರ್ಲೆಂಡಿನತ್ತ ತಿರುಗಿದ ಅದನ್ನು 1941ರ ಫೆಬ್ರುವರಿ 17ರಂದು ಜರ್ಮನ್ ಜಲಾಂತರ್ಗಾಮಿ ಟಾರ್ಪಿಡೊದಿಂದ ಹೊಡೆಯಿತು. ಸಿಬ್ಬಂದಿಯಲ್ಲಿ ಹೆಚ್ಚಿನವರು ಲಸ್ಕರ್‌ಗಳು, ಅಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ನಾವಿಕರು. ಬದುಕಿ ದಡ ಸೇರಿದವರು ಒಬ್ಬ ಬ್ರಿಟಿಷ್ ಅಧಿಕಾರಿ ಮಾತ್ರ.

2011ರಲ್ಲಿ ಅಮೆರಿಕದ ಕಂಪನಿಯೊಂದು ಸುಮಾರು 4,700 ಮೀಟರ್ ಆಳದಲ್ಲಿ ಹಡಗನ್ನು ಗುರುತಿಸಿತು. ಮುಂದಿನ ಎರಡು ವರ್ಷಗಳಲ್ಲಿ 2,792 ಬೆಳ್ಳಿಗಟ್ಟಿಗಳು, ಸುಮಾರು 110 ಟನ್, ಮೇಲೆ ಬಂದವು. ಬ್ರಿಟನ್ ಸರ್ಕಾರದೊಂದಿಗಿನ ಕರಾರಿನಂತೆ ಖರ್ಚು ಕಳೆದ ಮೌಲ್ಯದಲ್ಲಿ ಶೇ 80 ಕಂಪನಿಗೆ. ಹೂಳಿನಡಿ ಸುಮಾರು 700 ಕಾಗದಗಳೂ ಉಳಿದಿದ್ದವು, ಭಾರತದಲ್ಲಿದ್ದವರು ಮನೆಗೆ ಬರೆದವು. ಸಂರಕ್ಷಿಸಿದ ಕೆಲವು ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಕಂಡವು.

ಲಾಭದ ಆಸೆ ಇಲ್ಲದಿದ್ದರೆ ಅಷ್ಟು ಆಳಕ್ಕೆ ಯಾರೂ ಇಳಿಯುತ್ತಿರಲಿಲ್ಲ, ಆ ಕಾಗದಗಳೂ ಬರುತ್ತಿರಲಿಲ್ಲ. ಇದನ್ನು ಒಪ್ಪಲೇಬೇಕು. ಎಲ್ಲವನ್ನೂ ಕಡಲತಳದಲ್ಲೇ ಬಿಡಿ ಎನ್ನುವವರ ಬಳಿ ಈ ಮಾತಿಗೆ ಸುಲಭದ ಉತ್ತರವಿಲ್ಲ. ಆದರೂ ಕರಾರಿನ ಪಾಲು ಬೆಳ್ಳಿಯ ತೂಕದ ಮೇಲೆ ನಿಂತಾಗ ಕಾಗದ ಉಳಿಯುವುದು ಯಾರದೋ ಆಸ್ಥೆಯಿಂದ. ದಾಖಲಾತಿ, ಸಂರಕ್ಷಣೆ ಎರಡೂ ಕರಾರಿನ ಕಡ್ಡಾಯ ಭಾಗವಾಗಬೇಕು, ಸತ್ತ ಲಸ್ಕರ್‌ಗಳ ಊರುಗಳಿಗೂ ಆ ವಿವರ ತಲುಪಬೇಕು. ಕಾಸರಗೋಡಿನ ಉದುಮ, ಪಾಲಕುನ್ನು ಕಡೆಯ ಎಷ್ಟೋ ಮನೆಗಳ ಮಂದಿ ಇಂದಿಗೂ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಾರೆ. ಅವರಿಗೆ ಇದು ದೂರದ ಚರ್ಚೆಯಲ್ಲ.

ಯುನೆಸ್ಕೊ ಒಪ್ಪಂದ ರಕ್ಷಿಸುವುದು ನೂರು ವರ್ಷ ನೀರಿನಡಿ ಕಳೆದುದನ್ನು. ಗೇರುಸೊಪ್ಪ ಆ ಗಡಿ ಮುಟ್ಟುವುದು 2041ರಲ್ಲಿ. ಭಾರತ ಒಪ್ಪಂದವನ್ನು ಅನುಮೋದಿಸಿಲ್ಲ. ಆದರೂ ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾವ್ 1980ರ ದಶಕದಲ್ಲೇ ದ್ವಾರಕೆಯ ಕಡಲಿನಲ್ಲಿ ಶೋಧ ನಡೆಸಿದ್ದರು, ಪುರಾತತ್ವ ಸರ್ವೇಕ್ಷಣೆ 2001ರಲ್ಲಿ ಜಲಾಂತರ್ಗತ ವಿಭಾಗ ತೆರೆದು ಲಕ್ಷದ್ವೀಪದ ಬಂಗಾರಂ ಬಳಿ ಪ್ರಿನ್ಸೆಸ್ ರಾಯಲ್ ಹಡಗಿನ ಅವಶೇಷವನ್ನು ಪರಿಶೀಲಿಸಿತು. ಮಾರಾಟವೇ ಗುರಿಯಲ್ಲದ ಅಂಥ ಕೆಲಸಕ್ಕೆ ಹಣ ಕೊಡಬೇಕಾದದ್ದು ಸರ್ಕಾರ.