ಬಿಲ್ಲೆ ಹೋಯಿತು, ಲೆಕ್ಕವೂ ಹೋಯಿತು: ನಮ್ಮ ನಗರಗಳ ಸೈಕಲ್‌ನ ಹಿನ್ನೆಲೆ

ಸೈಕಲ್‌ಗೂ ಒಂದು ಕಾಲದಲ್ಲಿ ಲೈಸೆನ್ಸ್ ಇತ್ತು ಎಂದರೆ ಇಂದಿನ ಕಾಲೇಜು ಹುಡುಗರು ನಂಬುವುದಿಲ್ಲ. ಊರಿನ ಪುರಸಭೆಗೆ ವರ್ಷದ ತೆರಿಗೆ ಕಟ್ಟಿ, ಅದರ ಗುರುತಾಗಿ ಕೊಡುತ್ತಿದ್ದ ಪುಟ್ಟ ಲೋಹದ ಬಿಲ್ಲೆಯನ್ನು ಸೈಕಲ್‌ಗೆ ಬಿಗಿದುಕೊಳ್ಳಬೇಕಿತ್ತು. ಕತ್ತಲಾದ ಮೇಲೆ ಡೈನಮೊ ದೀಪವಿಲ್ಲದೆ ಹೊರಟರೆ, ಇಲ್ಲವೇ ಕ್ಯಾರಿಯರ್ ಮೇಲೆ ಇನ್ನೊಬ್ಬರನ್ನು ಕೂರಿಸಿಕೊಂಡು ‘ಡಬಲ್’ ಹೊಡೆದರೆ ಪೊಲೀಸರು ನಿಲ್ಲಿಸಿ ಚಕ್ರದ ಗಾಳಿ ಬಿಡುತ್ತಿದ್ದರು. ಮೋಟಾರು ಇಲ್ಲದ ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು 1964ರ ನಮ್ಮ ಪೌರಸಭೆಗಳ ಕಾಯ್ದೆಯೂ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತ್ತು. ಆ ಬಿಲ್ಲೆಯನ್ನು ಹೊತ್ತವರು ಅದನ್ನು ಪೀಡೆ ಎಂದೇ ಭಾವಿಸಿದ್ದರು. ಆದರೆ ಊರಿನಲ್ಲಿ ಎಷ್ಟು ಸೈಕಲ್‌ಗಳಿವೆ ಎಂಬ ಲೆಕ್ಕ ಸರ್ಕಾರಿ ಕಡತದಲ್ಲಿ ಇದ್ದದ್ದು ಅದರ ದೆಸೆಯಿಂದಲೇ. ಕಾಲಕ್ರಮದಲ್ಲಿ ತೆರಿಗೆ ನಿಂತಿತು, ಬಿಲ್ಲೆ ಗುಜರಿಗೆ ಹೋಯಿತು, ಅದರ ಜೊತೆಗೆ ಲೆಕ್ಕವೂ ಹೋಯಿತು. ಇಂದು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ ಎಂದು ಸಾರಿಗೆ ಇಲಾಖೆ ಹೇಳುವಾಗ ಆ ಕೋಟಿಯಲ್ಲಿ ಒಂದೇ ಒಂದು ಸೈಕಲ್ ಇರುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ನೋಂದಾಯಿಸಬೇಕಾದ ವಾಹನವೇ ಅಲ್ಲ. ನಮ್ಮ ನಗರಗಳಲ್ಲಿ ಸೈಕಲ್ ಮಾಯವಾದದ್ದು ಮೊದಲು ಕಡತದಿಂದ, ಆಮೇಲೆ ರಸ್ತೆಯಿಂದ ಎಂಬುದು ಈ ಇತಿಹಾಸವನ್ನು ನೋಡುತ್ತ ಬಂದ ನನ್ನ ಅಭಿಪ್ರಾಯ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏರಿಳಿತಗಳಿದ್ದರೂ ಬೆವರು ಹರಿಸದ ಹವೆ ಇಲ್ಲಿನದು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿ ತಯಾರಿಸುವ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹೀಗೆ ಒಂದರ ಹಿಂದೆ ಒಂದು ಕಾರ್ಖಾನೆ ಬಂದು ನಗರದ ಅಂಚುಗಳಲ್ಲಿ ನೆಲೆಯೂರಿದಾಗ, ಪಾಳಿಯ ಸೈರನ್ನಿಗೆ ಸರಿಯಾಗಿ ಗೇಟು ಸೇರಬೇಕಿದ್ದ ಕಾರ್ಮಿಕನಿಗೆ ಸೈಕಲ್ ಅತ್ಯಂತ ನೆಚ್ಚಿನ ವಾಹನವಾಯಿತು. ಪಾಳಿ ಬಿಟ್ಟ ಹೊತ್ತಿನಲ್ಲಿ ರಸ್ತೆಯ ತುಂಬ ಸೈಕಲ್ ಗಂಟೆಯ ಸದ್ದೇ ಇರುತ್ತಿತ್ತು ಎಂದು ಆ ಕಾಲದ ಹಿರಿಯರು ಈಗಲೂ ನೆನೆಯುತ್ತಾರೆ. ಸ್ವಂತ ಸೈಕಲ್ ಇಲ್ಲದವರಿಗೆ ಬಡಾವಣೆಗೊಂದರಂತೆ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಹೆಸರು ಬರೆಸಿ, ಗಂಟೆಯ ಲೆಕ್ಕದಲ್ಲಿ ಸೈಕಲ್ ಪಡೆದು, ಬಾರಿನ ಸಂದಿಯಲ್ಲಿ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತ ತಲೆಮಾರು ಇನ್ನೂ ನಮ್ಮೊಡನಿದೆ. ಮುಂದೆ ವಿಶ್ವಬ್ಯಾಂಕಿನ ನೆರವಿನಲ್ಲಿ ಬಂದ ‘ಸಾರ್ವಜನಿಕ ಸೈಕಲ್ ಹಂಚಿಕೆ’ಯ ತಿರುಳು ಆ ಅಂಗಡಿಯವನಿಗೆ ಹೊಸದಾಗಿ ಕಾಣುತ್ತಿರಲಿಲ್ಲ, ಅವನ ಬಳಿ ಕಾರ್ಡಿನ ಬದಲು ನೋಟ್‌ಬುಕ್ ಇತ್ತು, ಅಷ್ಟೇ.

ಈ ಚಿತ್ರ ಬದಲಾಗಲು ಕಾರಣವಾದದ್ದು ಕಾರು ಎಂದು ಹೇಳುವುದು ರೂಢಿ. ವಾಸ್ತವದಲ್ಲಿ ಸೈಕಲ್ ಸವಾರನನ್ನು ಸೆಳೆದುಕೊಂಡದ್ದು ಮೊಪೆಡ್. 1972ರಲ್ಲಿ ಲೂನಾ ಬಂದಿತ್ತು. 1980ರಲ್ಲಿ ಬೆಂಗಳೂರಿನ ಮಗ್ಗುಲಿನ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿವಿಎಸ್ 50 ಹೊರಬಂತು. ಹಾಲಿನ ಕ್ಯಾನು, ತರಕಾರಿ ಮೂಟೆ, ಗ್ಯಾಸ್ ಸಿಲಿಂಡರ್ ಎಲ್ಲವನ್ನೂ ಹೊರಬಲ್ಲ ಈ ಗಾಡಿ ಸೈಕಲ್ ಮಾಡುತ್ತಿದ್ದ ಕೆಲಸವನ್ನೇ ಕಾಲು ನೋವಿಲ್ಲದೆ ಮಾಡಿತು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂದ ಮೇಲೆ ಪೆಟ್ರೋಲಿನ ಖರ್ಚೂ ಹೆದರಿಕೆಯ ಸಂಗತಿಯಾಗಿ ಉಳಿಯಲಿಲ್ಲ. 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳನ್ನು ತಯಾರಿಸಿದ ಮೈಸೂರಿನಲ್ಲಂತೂ ಮೋಟಾರ್‌ಸೈಕಲ್ ಊರಿನ ಹೆಮ್ಮೆಯೇ ಆಗಿತ್ತು. ಕಂತಿನ ಸಾಲ ಸುಲಭವಾದ ಮೇಲೆ ಸೈಕಲ್‌ನಲ್ಲೇ ಉಳಿದವನು ‘ಇನ್ನೂ ಸೈಕಲ್ ತುಳೀತಾನೆ’ ಎನಿಸಿಕೊಂಡ. ಆ ‘ಇನ್ನೂ’ ಎಂಬ ಮಾತಿನ ಮೊನಚು ಇಂದಿಗೂ ಮೊಂಡಾಗಿಲ್ಲ.

ಹಾಗೆಂದು ಸೈಕಲ್ ಅಷ್ಟು ಬೇಗ ಸತ್ತಿರಲಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಶೇ 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು, ಮೋಟಾರು ದ್ವಿಚಕ್ರ ಇದ್ದದ್ದು ಶೇ 21ರಷ್ಟು ಮನೆಗಳಲ್ಲಿ. ಕೃಷಿ ಮತ್ತು ಗೃಹ ಕೈಗಾರಿಕೆ ಬಿಟ್ಟು ಇತರ ಕೆಲಸಗಳಿಗೆ ಹೋಗುವವರನ್ನು ಕೇಳಿದಾಗ, ಶೇ 13ರಷ್ಟು ಜನ ಸೈಕಲ್‌ನಲ್ಲಿ ಹೋಗುತ್ತೇವೆ ಎಂದರು. ಸ್ಕೂಟರು, ಮೊಪೆಡ್, ಮೋಟಾರ್‌ಸೈಕಲ್ ಎಲ್ಲ ಸೇರಿಸಿದರೂ ಅದಕ್ಕಿಂತ ತುಸು ಕಡಿಮೆಯೇ ಆಗಿತ್ತು. ನಗರ ಯೋಜಕರು ಆ ಹೊತ್ತಿಗಾಗಲೇ ಸೈಕಲ್ಲನ್ನು ಮರೆತು ಮೇಲ್ಸೇತುವೆ, ಕೆಳಸೇತುವೆ, ಸಿಗ್ನಲ್‌ರಹಿತ ಕಾರಿಡಾರುಗಳ ಮಾತಿನಲ್ಲಿ ಮುಳುಗಿದ್ದರು. ಬೆಂಗಳೂರಿನ ನಡುಭಾಗದ ರಸ್ತೆಗಳಲ್ಲಿ ಏಕಮುಖ ಸಂಚಾರ ಬಂದದ್ದನ್ನೇ ನೋಡಿ: ಮೋಟಾರ್‌ಸೈಕಲ್ ಸವಾರನಿಗೆ ಒಂದು ಕಿಲೋಮೀಟರ್ ಸುತ್ತು ಎಂದರೆ ಎರಡು ನಿಮಿಷ, ತುಳಿದು ಹೋಗುವವನಿಗೆ ಅದು ಬೆವರು. ಇಂತಹ ತೀರ್ಮಾನಗಳಲ್ಲಿ ಸೈಕಲ್ ವಿರೋಧಿ ದುರುದ್ದೇಶವೇನೂ ಇರಲಿಲ್ಲ. ವಾಹನಗಳ ಎಣಿಕೆಯಲ್ಲಿ ಇಲ್ಲದ್ದು ನಕ್ಷೆಯಲ್ಲೂ ಇರಲಿಲ್ಲ. ವಾಹನಗಳ ಬದಲು ಜನರ ಓಡಾಟವನ್ನು ಗಮನಿಸಬೇಕು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ಮರುವರ್ಷ ನಮ್ಮಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಹುಟ್ಟಿತು. ಮುಂದೆ ಬರುವ ಬಹುತೇಕ ಸೈಕಲ್ ಯೋಜನೆಗಳ ಹಿಂದೆ ಈ ಸಣ್ಣ ಸಂಸ್ಥೆಯ ಕೈ ಇದೆ. ರಸ್ತೆ ಅಗೆಯುವ, ಡಾಂಬರು ಹಾಕುವ, ದಂಡ ವಿಧಿಸುವ ಅಧಿಕಾರ ಮಾತ್ರ ಪಾಲಿಕೆಯ ಬಳಿ, ಪೊಲೀಸರ ಬಳಿ ಉಳಿಯಿತು. ಈ ತೊಡಕನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಅದೇ ಹೊತ್ತಿಗೆ ರಾಜ್ಯದ ಹಳ್ಳಿಗಳಲ್ಲಿ ಸೈಕಲ್ ಬೇರೆಯೇ ದಾರಿ ಹಿಡಿದಿತ್ತು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಆರಂಭವಾಗಿ, ಪ್ರೌಢಶಾಲೆಗೆ ಮೈಲಿಗಟ್ಟಲೆ ನಡೆಯಬೇಕಿದ್ದ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ಮೇಲೆ ಹೋಗುವ ದೃಶ್ಯ ಸಾಮಾನ್ಯವಾಯಿತು. ಕೊರೊನಾ ಬಂದ ಮೇಲೆ ಆ ವಿತರಣೆ ನಿಂತಿತು. ಇದನ್ನು ಯಾರೂ ಪರಿಸರದ ಯೋಜನೆ ಎಂದು ಕರೆಯಲಿಲ್ಲ. ಆದರೂ ಕರ್ನಾಟಕದಲ್ಲಿ ಅತಿ ಹೆಚ್ಚು ಜನರನ್ನು ಸೈಕಲ್ ಹತ್ತಿಸಿದ ಸರ್ಕಾರಿ ಕಾರ್ಯಕ್ರಮವನ್ನು ಹುಡುಕುವವರು ಇದಕ್ಕಿಂತ ದೂರ ಹೋಗಬೇಕಿಲ್ಲ ಎಂದು ನನಗನ್ನಿಸುತ್ತದೆ.

ನಗರದಲ್ಲಿ ಸೈಕಲ್ ಮರಳಿ ಬಂದದ್ದು ಬೇರೆ ವರ್ಗದ ಜನರ ಮೂಲಕ. ಎರಡು ಸಾವಿರದ ದಶಕದ ನಡುವಿನಿಂದ ಬೆಂಗಳೂರಿನ ತಂತ್ರಜ್ಞಾನ ವಲಯದ ನೌಕರರು ಗೇರಿನ ಸೈಕಲ್ ಕೊಂಡು, ಶನಿವಾರ, ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಕಡೆ ಗುಂಪಾಗಿ ಹೊರಡತೊಡಗಿದರು. 2008ರಲ್ಲಿ ನೀಲಗಿರಿಯ ಸುತ್ತ ದೂರದ ಸೈಕಲ್ ಯಾನ ‘ಟೂರ್ ಆಫ್ ನೀಲ್‌ಗಿರೀಸ್’ ಶುರುವಾಯಿತು. ಹವ್ಯಾಸದಿಂದ ಆರಂಭವಾದ ಈ ಬಳಗಗಳಲ್ಲಿ ಕೆಲವರು, ವಾರಾಂತ್ಯಕ್ಕೆ ನೂರು ಕಿಲೋಮೀಟರ್ ತುಳಿಯುವ ತಾವು ವಾರದ ದಿನ ಹತ್ತು ಕಿಲೋಮೀಟರ್ ದೂರದ ಕಚೇರಿಗೆ ಕಾರಿನಲ್ಲಿ ಹೋಗುವುದೇಕೆ ಎಂದು ತಮ್ಮನ್ನೇ ಕೇಳಿಕೊಂಡರು. ದಿನನಿತ್ಯದ ಪರಿಸರ ಕಾಳಜಿ ಎಂಬುದು ಇಲ್ಲಿ ತತ್ವವಾಗಿ ಬರಲಿಲ್ಲ. ಕಚೇರಿಯಲ್ಲಿ ಸ್ನಾನದ ಮನೆ ಇದೆಯೇ, ಸೈಕಲ್ ನಿಲ್ಲಿಸಲು ಕಾವಲುಗಾರ ಬಿಡುತ್ತಾನೆಯೇ, ಮಳೆ ಬಂದರೆ ಬ್ಯಾಗಿನಲ್ಲಿ ಇನ್ನೊಂದು ಅಂಗಿ ಇದೆಯೇ ಎಂಬ ಸಣ್ಣ ಸಣ್ಣ ಪ್ರಶ್ನೆಗಳ ರೂಪದಲ್ಲಿ ಬಂತು.

ಇವರ ಜೊತೆಗೆ ಊರಿನ ಮರಗಳನ್ನು ಕಾಯುತ್ತಿದ್ದವರೂ ಸೇರಿಕೊಂಡರು. ರಸ್ತೆ ಅಗಲೀಕರಣಕ್ಕೆ ಮರ ಕಡಿಯುವುದನ್ನು ‘ಹಸಿರು ಉಸಿರು’ ಜಾಲ ಮೊದಲಿನಿಂದ ಪ್ರತಿಭಟಿಸುತ್ತಿತ್ತು. 2016ರಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಗೆ 1,791 ಕೋಟಿ ರೂಪಾಯಿ ಮೀಸಲಾಗಿ, ಅದಕ್ಕಾಗಿ 812 ಮರಗಳನ್ನು ಕಡಿಯುವ ಪ್ರಸ್ತಾವ ಬಂದಾಗ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಬದಿಯಲ್ಲಿ ಕೈ ಕೈ ಹಿಡಿದು ಸರಪಳಿಯಾಗಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕಾರಿನೊಳಗೆ ಕೂತವನಿಗೆ ಮರವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಏಪ್ರಿಲ್ ತಿಂಗಳ ಮಧ್ಯಾಹ್ನ ಸೈಕಲ್ ತುಳಿಯುವವನಿಗೂ ನಡೆಯುವವನಿಗೂ ಸಾಲುಮರದ ನೆರಳು ರಸ್ತೆಯ ಒಂದು ಭಾಗವೇ.

ಸರ್ಕಾರದ ಪ್ರಯತ್ನಗಳ ಸರಣಿ 2012ರಲ್ಲಿ ಜಯನಗರದಿಂದ ಆರಂಭವಾಯಿತು. ಬಡಾವಣೆಯ ಅಗಲವಾದ ರಸ್ತೆಗಳ ಅಂಚಿಗೆ ಗೆರೆ ಎಳೆದು ಸೈಕಲ್ ಪಥ ಎಂದು ಗುರುತಿಸಿದರು. ಗೆರೆ ಒಣಗುವುದರೊಳಗೆ ಅಲ್ಲಿ ಕಾರುಗಳು ನಿಂತವು. ಬಿಡಾಡಿ ಕಾರುಗಳನ್ನು ದೂರುವುದು ಸುಲಭ. ಆದರೆ ಮನೆಯಲ್ಲಿ ಜಾಗವಿಲ್ಲದೆ ಕಾರು ಕೊಂಡವರಿಗೆ ಸರ್ಕಾರಿ ರಸ್ತೆಯೇ ಪುಕ್ಕಟೆ ಶೆಡ್ ಎಂಬ ಒಪ್ಪಂದ ಈ ನಗರದಲ್ಲಿ ದಶಕಗಳಿಂದ ನಡೆದು ಬಂದಿತ್ತು, ಅದನ್ನು ಬಣ್ಣದ ಗೆರೆಯೊಂದು ಮುರಿಯಲಾರದಾಯಿತು. 2013ರ ಅಕ್ಟೋಬರ್‌ನಲ್ಲಿ ನಿರ್ದೇಶನಾಲಯವೂ ನಾಗರಿಕ ಸಂಘಟನೆಗಳೂ ಸೇರಿ ಕಬ್ಬನ್ ಪಾರ್ಕಿನಲ್ಲಿ ‘ಸೈಕಲ್ ಡೇ’ ನಡೆಸಿದವು. ಕೆಲವು ಗಂಟೆ ಮೋಟಾರು ವಾಹನಗಳನ್ನು ತಡೆದು ರಸ್ತೆಯನ್ನು ಮಕ್ಕಳಿಗೆ, ಸೈಕಲ್‌ಗೆ ಬಿಡುವ ಈ ಕ್ರಮ ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ನಡೆದುಬಂದದ್ದು. ಮುಂದೆ ಇದು ಬೆಂಗಳೂರಿನ ಒಂದೊಂದೇ ಬಡಾವಣೆಗೆ ಹಬ್ಬಿತು. ರಸ್ತೆ ಖಾಲಿಯಾದಾಗ ಅಲ್ಲಿ ಕುಂಟೆಬಿಲ್ಲೆ ಆಡಿದ ಮಕ್ಕಳ ಜೊತೆ ಅಜ್ಜಿಯಂದಿರೂ ಬಂದು ಕುರ್ಚಿ ಹಾಕಿಕೊಂಡದ್ದನ್ನು ನಾನು ಕಂಡಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಬ್ಯಾರಿಕೇಡ್ ತೆಗೆದರೆ ಮತ್ತೆ ಹಾರನ್ನು.

ಮೈಸೂರಿನ ಸಾರ್ವಜನಿಕ ಸೈಕಲ್ ಹಂಚಿಕೆ ಯೋಜನೆ ‘ಟ್ರಿಣ್ ಟ್ರಿಣ್’ ಇವೆಲ್ಲಕ್ಕಿಂತ ಗಟ್ಟಿ ನೆಲದ ಮೇಲೆ ನಿಂತಿತ್ತು. 2017ರ ಜೂನ್‌ನಲ್ಲಿ, ಜಾಗತಿಕ ಪರಿಸರ ನಿಧಿ ಮತ್ತು ವಿಶ್ವಬ್ಯಾಂಕಿನ ಬೆಂಬಲದ ಕಾರ್ಯಕ್ರಮದಡಿ, 450 ಸೈಕಲ್ ಮತ್ತು 48 ನಿಲ್ದಾಣಗಳೊಂದಿಗೆ ಇದು ಆರಂಭವಾಯಿತು. ಕಾರ್ಡು ತೋರಿಸಿ ಒಂದು ನಿಲ್ದಾಣದಲ್ಲಿ ಸೈಕಲ್ ಬಿಡಿಸಿಕೊಂಡು ಇನ್ನೊಂದರಲ್ಲಿ ಸಿಕ್ಕಿಸಿ ಹೋಗುವ ವ್ಯವಸ್ಥೆ ಮೈಸೂರಿಗೆ ಒಪ್ಪಿತು. ಅರಮನೆ, ರೈಲು ನಿಲ್ದಾಣ, ಮೃಗಾಲಯಗಳ ನಡುವಿನ ದೂರವೇ ಸೈಕಲ್ ಅಳತೆಯದು, ರಸ್ತೆಗಳೂ ಅಗಲ. ಅದೇ ವರ್ಷದ ಕೊನೆಯಿಂದ ಬೆಂಗಳೂರಿನಲ್ಲಿ ಖಾಸಗಿ ಕಂಪನಿಗಳು ಮೊಬೈಲ್ ಆ್ಯಪ್‌ನಲ್ಲಿ ಬೀಗ ತೆರೆಯುವ ಸೈಕಲ್‌ಗಳನ್ನು ಬೀದಿಗಿಳಿಸಿದವು. ನಿಗದಿತ ನಿಲ್ದಾಣವಿಲ್ಲದ ಆ ಸೈಕಲ್‌ಗಳು ಕೆಲವೇ ತಿಂಗಳುಗಳಲ್ಲಿ ಚರಂಡಿಯಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಸೀಟಿಲ್ಲದೆ ಮರದ ಬುಡದಲ್ಲಿ ಕಾಣಿಸಿಕೊಂಡವು. ಹೆಚ್ಚಿನ ಕಂಪನಿಗಳು ಬಾಗಿಲು ಹಾಕಿದವು. ಉಳಿದುಕೊಂಡ ಯುಲು 2019ರಿಂದ ಪೆಡಲೇ ಇಲ್ಲದ ವಿದ್ಯುತ್ ಗಾಡಿಯ ಕಡೆ ಹೊರಳಿತು.

2018ರಲ್ಲಿ ಸೈಕಲ್ ಬಳಕೆಗೆ ಉತ್ತೇಜನ ಕೊಡುವ ಆಮ್‌ಸ್ಟರ್‌ಡಾಮಿನ ಬೈಕ್ಸ್ (BYCS) ಸಂಸ್ಥೆಯಿಂದ ಬೆಂಗಳೂರಿನ ‘ಬೈಸಿಕಲ್ ಮೇಯರ್’ ಎನಿಸಿಕೊಂಡ ಸತ್ಯ ಶಂಕರನ್, ಕಂಪನಿಗಳ ನೌಕರರು ಸೈಕಲ್‌ನಲ್ಲಿ ಕಚೇರಿಗೆ ಬಂದ ಸವಾರಿಗಳನ್ನು ದಾಖಲಿಸುವ ‘ಸೈಕಲ್ ಟು ವರ್ಕ್’ ಅಭಿಯಾನ ಆರಂಭಿಸಿದರು. ಯಾವ ಕಂಪನಿಯವರು ಹೆಚ್ಚು ತುಳಿದರು ಎಂಬ ಪಟ್ಟಿಯಲ್ಲಿ ಪೈಪೋಟಿಯ ಮೋಜು ಇತ್ತು ನಿಜ. ಅದಕ್ಕಿಂತ ಮುಖ್ಯವಾಗಿ, ಜನಗಣತಿಯನ್ನು ಬಿಟ್ಟರೆ, ಬಿಲ್ಲೆ ಹೋದ ಮೇಲೆ ಮೊದಲ ಬಾರಿಗೆ ಯಾರೋ ಸೈಕಲ್ ಸವಾರರನ್ನು ಎಣಿಸತೊಡಗಿದ್ದರು. ಆ ಎಣಿಕೆಯ ಬಲದ ಮಾತು ನಡೆಯುತ್ತಿದ್ದಾಗಲೇ ಕೊರೊನಾ ಬಂತು. ರಸ್ತೆಗಳು ಖಾಲಿಯಾದವು, ಬಸ್ಸು ಹತ್ತಲು ಜನ ಹೆದರಿದರು, ಅಂಗಡಿಗಳಲ್ಲಿ ಸೈಕಲ್‌ಗೆ ಕಾಯುವ ಸರದಿ ಬಂತು. ವಿಚಿತ್ರವೆಂದರೆ ಅದೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಮ್ಮ ಅಪ್ಪಂದಿರ ಅಟ್ಲಾಸ್ ಸೈಕಲ್‌ನ ಕೊನೆಯ ಕಾರ್ಖಾನೆ ಬಾಗಿಲು ಮುಚ್ಚಿತು.

ಆ ವರ್ಷದ ಅಕ್ಟೋಬರ್‌ನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಲೌರಿ ಜಂಕ್ಷನ್‌ನಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ತಾತ್ಕಾಲಿಕ ಸೈಕಲ್ ಪಥದ ಕೆಲಸ ಕೈಗೆತ್ತಿಕೊಂಡರು. 2021ರಲ್ಲಿ ಬಿಎಂಟಿಸಿ ಈ ಭಾಗದ ಕೆಲವು ಬಸ್ಸುಗಳ ಮುಂಭಾಗಕ್ಕೆ ಸೈಕಲ್ ಕಟ್ಟುವ ಚೌಕಟ್ಟು ಅಳವಡಿಸಿತು. ಕೇಂದ್ರದ ‘ಸೈಕಲ್ಸ್ ಫಾರ್ ಚೇಂಜ್’ ಸ್ಪರ್ಧೆಯಲ್ಲಿ ಅದೇ ವರ್ಷ ಗೆದ್ದ 11 ನಗರಗಳ ಪೈಕಿ ಬೆಂಗಳೂರೂ ಒಂದಾಯಿತು. ಆದರೆ ಪಥ ಉಳಿಯಲಿಲ್ಲ. ಗೂಟಗಳನ್ನು ವಾಹನಗಳು ಮುರಿದವು, ಬೈಕುಗಳು ನುಗ್ಗಿದವು, ಕಡೆಗೆ ಮೆಟ್ರೊ ಕಾಮಗಾರಿ ಬಹುಪಾಲನ್ನು ನುಂಗಿತು. ನನ್ನ ಎಣಿಕೆಯಲ್ಲಿ ಅದಕ್ಕೆ ಇನ್ನೊಂದು ಕಾರಣವಿದೆ. ಆ ಪಥವನ್ನು ಯೋಚಿಸುವಾಗ ಕಣ್ಣ ಮುಂದೆ ಇದ್ದವನು ಹೆಲ್ಮೆಟ್ ಧರಿಸಿ ಟೆಕ್ ಪಾರ್ಕಿಗೆ ಹೋಗುವ ಉದ್ಯೋಗಿ. ಅದೇ ಟೆಕ್ ಪಾರ್ಕಿನ ಗೇಟಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಾರತ್‌ಹಳ್ಳಿಯ ಹಿಂಬದಿಯ ಓಣಿಗೆ ತುಕ್ಕು ಹಿಡಿದ ಸೈಕಲ್ ತುಳಿಯುವ ಸೆಕ್ಯೂರಿಟಿ ಗಾರ್ಡ್, ಕಟ್ಟಡದ ಕೂಲಿಗೆ ಬಂದ ಬಿಹಾರ, ಒಡಿಶಾದ ಹುಡುಗ, ಪೇಪರ್ ಹಾಕುವವ, ಇಡ್ಲಿ ಡಬ್ಬಿ ಕಟ್ಟಿಕೊಂಡು ಮಾರುವವ ಇವರ ದಾರಿ ಎಲ್ಲಿಂದ ಎಲ್ಲಿಗೆ ಎಂದು ಕೇಳಿದ್ದರೆ ಪಥ ಬಹುಶಃ ವರ್ತುಲ ರಸ್ತೆಗೆ ಸಮಾನಾಂತರವಾಗಿ ಸಾಗದೆ ಅದನ್ನು ಅಡ್ಡ ದಾಟುವ ಕಡೆಗಳಲ್ಲಿ ಹುಟ್ಟುತ್ತಿತ್ತು. ಇವರು ಸೈಕಲ್ ಬಿಟ್ಟವರೇ ಅಲ್ಲ, ಹಾಗಾಗಿ ಸೈಕಲ್‌ಗೆ ‘ಮರಳಿದವರ’ ಬಳಗದಲ್ಲಿ ಇವರ ಹೆಸರೂ ಇರಲಿಲ್ಲ. ಕಂಪನಿಯ ಪಟ್ಟಿಯಲ್ಲಿ ಗಾರ್ಡ್ ತುಳಿದ ಕಿಲೋಮೀಟರ್ ಸೇರಲು ಅವನು ಕಂಪನಿಯ ನೌಕರನಾಗಿರಲಿಲ್ಲ.

ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳನ್ನು ಕಾನೂನಿನಲ್ಲಿ ಬರೆಯುವ ಸಕ್ರಿಯ ಸಂಚಾರ ಮಸೂದೆಯ ಕರಡನ್ನು ನಿರ್ದೇಶನಾಲಯ ಸಿದ್ಧಪಡಿಸಿತ್ತು. ಅದು ಇನ್ನೂ ಕಾಯ್ದೆಯಾಗಿಲ್ಲ. ಈ ನಡುವೆ ರಸ್ತೆಯಂಚು ಹೊಸಬರ ಪಾಲಾಗಿದೆ. ಮನೆಬಾಗಿಲಿಗೆ ಊಟ, ದಿನಸಿ ತಲುಪಿಸುವ ಹುಡುಗರು ದಿನದ ಬಾಡಿಗೆಗೆ ಸಣ್ಣ ವಿದ್ಯುತ್ ಗಾಡಿ ಹಿಡಿದು, ಒಂದು ಕಾಲಕ್ಕೆ ಹಾಲಿನ ಕ್ಯಾನಿನ ಸೈಕಲ್ ಸಾಗುತ್ತಿದ್ದ ಎಡ ಬದಿಯಲ್ಲೇ ಹೋಗುತ್ತಾರೆ. ಮೋಟಾರಿನ ಬಲ 250 ವ್ಯಾಟ್ ಮೀರದ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದ ಇಂತಹ ಗಾಡಿ ನಿಯಮದ ಪ್ರಕಾರ ಮೋಟಾರು ವಾಹನವಲ್ಲ. ಅದಕ್ಕೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಬೇಡ. ಸಾರಿಗೆ ಇಲಾಖೆಯ ಆ ಒಂದು ಕೋಟಿಯ ಲೆಕ್ಕದಲ್ಲಿ ಅದಕ್ಕೂ ಜಾಗವಿಲ್ಲ.